ಊರ ರಸ್ತೆ, ಹಳ್ಳದ ಸೇತುವೆ: ಇಂಜಿನಿಯರ್ ಸರ್‌ಗೆ ಕೇಳಿ

ನಿರ್ವಾಹಕರು: ಪಂಚಾಯತ್ ರಾಜ್ ಇಲಾಖೆಯಲ್ಲಿ ರಸ್ತೆ ಕೆಲಸ ನೋಡಿ ನಿವೃತ್ತರಾದ ಇಂಜಿನಿಯರ್ ಸರ್ ಈ ಸಂಜೆ ಗುಂಪಿನಲ್ಲಿದ್ದಾರೆ. ಹಾವೇರಿ, ಗದಗ, ಧಾರವಾಡದವರು ಕೇಳಿ.

ಸವಣೂರು ಸದಸ್ಯ: ನಮಸ್ಕಾರ ಸರ್. ನಮ್ಮ ವಸತಿಯಲ್ಲಿ 180 ಜನ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ರಸ್ತೆ ಸಿಗುತ್ತಾ?

ಇಂಜಿನಿಯರ್: ನಮಸ್ಕಾರ ರೀ. ಈಗಿನ ನಾಲ್ಕನೇ ಹಂತದಲ್ಲಿ, 2011ರ ಜನಗಣತಿಯಂತೆ, ಬಯಲು ಪ್ರದೇಶದಲ್ಲಿ 500 ಜನ ಇರಬೇಕು. ನಿಮ್ಮದು ಬರುವುದಿಲ್ಲ. ಗ್ರಾಮಸಭೆಯ ಠರಾವು ಮಾಡಿಸಿ ಶಾಸಕರ ಅನುದಾನ ಕೇಳಿ.

ನವಲಗುಂದ ಕಡೆಯ ಶಿಕ್ಷಕಿ: ಸರ್, ಊರಿಗೂ ಶಾಲೆಗೂ ನಡುವೆ ಹಳ್ಳ, ಹಳೆಯ ಸೇತುವೆ. ಹೋದ ಮಳೆಗೆ ರಸ್ತೆ ಕೂಡುವ ಕಡೆ ಮಣ್ಣು ಕೊಚ್ಚಿ ಹೋಯಿತು. ಒಂದು ಕಂಬದ ಬುಡದಲ್ಲಿ ತೋಳು ತೂರುವಷ್ಟು ಪೊಳ್ಳು. ಮೇಲೆ ಮಾತ್ರ ಹೊಸ ಡಾಂಬರು. ಮಕ್ಕಳ ಟಂಟಂ ಆಟೋ ದಿನಾ ಹೋಗುತ್ತದೆ.

ಇಂಜಿನಿಯರ್: ಮೇಡಂ, ಮೊದಲು ಟಂಟಂ ನಿಲ್ಲಿಸಿ. ಉಳಿದದ್ದು ಆಮೇಲೆ. ಸೇತುವೆ ಬೀಳುವುದು ಹೆಚ್ಚಾಗಿ ಮೇಲಿನ ಭಾರಕ್ಕಲ್ಲ, ಬುಡದ ಮಣ್ಣು ಹೋಗಿ. ಮಹಾಪೂರ ಇಳಿಯುವಾಗ ಆ ಗುಂಡಿಗೆ ಹೂಳು ಕೂಡುತ್ತದೆ. ಆಳ ಎಷ್ಟಿತ್ತು ಅಂತ ಗೊತ್ತೇ ಆಗುವುದಿಲ್ಲ. ನಿಮಗೆ ಕಾಣುತ್ತಿರುವುದಕ್ಕಿಂತ ಅದು ಜಾಸ್ತಿ ಇರಬಹುದು. ನಿಮ್ಮ ಕಡೆ ಎರೆ ಮಣ್ಣು ಬೇರೆ. ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಪಕ್ಕದ ಗೋಡೆಯ ಮೇಲೂ ಒತ್ತಡ ಬೀಳುತ್ತದೆ. ಗೋಡೆ ವಾಲಿದೆಯಾ, ಅಡ್ಡ ಬಿರುಕು ಇದೆಯಾ, ದಡದಿಂದಲೇ ಫೋಟೋ ತೆಗೆಯಿರಿ. ನೀರಿಗೆ ಇಳಿಯಬೇಡಿ. ತಹಶೀಲ್ದಾರರಿಗೆ ಇಂದೇ ಬರೆದು ಕೊಡಿ, ಭಾರಿ ವಾಹನ ತಡೆಯಲು ಕೇಳಿ. ರಸ್ತೆ ಯಾರ ಪಟ್ಟಿಯಲ್ಲಿದೆ ನೋಡಿ. ಗ್ರಾಮೀಣ ರಸ್ತೆಯಾದರೆ ಪಂಚಾಯತ್ ರಾಜ್ ಇಂಜಿನಿಯರಿಂಗ್, ಜಿಲ್ಲಾ ಮುಖ್ಯರಸ್ತೆಯಾದರೆ ಲೋಕೋಪಯೋಗಿ. ಗೊತ್ತಿಲ್ಲದಿದ್ದರೆ ಇಬ್ಬರಿಗೂ ಕೊಡಿ, ಸ್ವೀಕೃತಿ ತಪ್ಪದೆ ತಗೊಳ್ಳಿ. ಹೊಸ ಸೇತುವೆಗೆ ನಬಾರ್ಡ್ ಬ್ಯಾಂಕು ಸರ್ಕಾರಕ್ಕೆ ಕೊಡುವ ಸಾಲದ ನಿಧಿ ಇದೆ, 1995-96ರಿಂದ ನಡೆಯುತ್ತಿದೆ. ಆದರೆ ಅದು ಬರುವವರೆಗೆ ಮಕ್ಕಳು ಅಲ್ಲಿ ಹೋಗಬಾರದು.

ಗದಗ ಸದಸ್ಯ: ಫಾರ್ವರ್ಡ್ ಬಂದಿದೆ: "ಗೋಣಿಚೀಲದಲ್ಲಿ ಮರಳು, ಸಿಮೆಂಟ್ ತುಂಬಿ ಕಂಬದ ಸುತ್ತ ಒಟ್ಟಿ, ಸೇತುವೆ ಗಟ್ಟಿ."

ಇಂಜಿನಿಯರ್: ದಯವಿಟ್ಟು ಅಳಿಸಿ. ಸಿಕ್ಕಂತೆ ಚೀಲ ಒಟ್ಟಿದರೆ ನೀರಿನ ದಾರಿ ಕಿರಿದಾಗುತ್ತದೆ. ಪಕ್ಕದಲ್ಲಿ ಇನ್ನೂ ಜೋರಾಗಿ ಕೊರೆಯುತ್ತದೆ. ಪೊಳ್ಳೂ ಕಣ್ಣಿಗೆ ಕಾಣದಂತೆ ಮರೆಯಾಗುತ್ತದೆ.

ಶಿಗ್ಗಾಂವಿ ಸದಸ್ಯ: ನಮ್ಮ ವಸತಿಯಲ್ಲಿ 300 ಜನ. ಗ್ರಾಮ ಸಡಕ್?

ಇಂಜಿನಿಯರ್: 500. ಮೇಲೆ ಓದಿ.

ರೋಣ ಸದಸ್ಯ: ಎಲ್ಲಾ ಗುತ್ತಿಗೆದಾರರದೇ ತಪ್ಪು. ಖಡಿ ಕಡಿಮೆ ಹಾಕುತ್ತಾರೆ.

ಹಾನಗಲ್ ಸದಸ್ಯ: ಸುಮ್ನೆ ಅನ್ನಬೇಡಿ ಅಣ್ಣಾ. ನಿಮ್ಮೂರ ಕಬ್ಬಿನ ಟ್ರ್ಯಾಕ್ಟರ್ ಎರಡೆರಡು ಟ್ರೇಲರ್ ಎಳೆದರೆ ಊರ ರಸ್ತೆ ತಡೆಯುತ್ತಾ?

ರೋಣ ಸದಸ್ಯ: ರೈತ ಕಬ್ಬು ಹೆಗಲ ಮೇಲೆ ಹೊರಬೇಕಾ?

ಹಾನಗಲ್ ಸದಸ್ಯ: ಹಾಗಂತ ಯಾರು ಅಂದರು?

ಲಕ್ಷ್ಮೇಶ್ವರ ಸದಸ್ಯೆ: ಸರ್, ರಸ್ತೆಗೆ ನಮ್ಮ ಹೊಲದ ಬದು ಹೋಯಿತು. ಪರಿಹಾರ ಬರುತ್ತಾ?

ರೋಣ ಸದಸ್ಯ: ಡಾಂಬರು ಮೂರೇ ವರ್ಷಕ್ಕೆ ಕಿತ್ತಿದೆ. ಯಾರನ್ನು ಕೇಳಲಿ?

ಇಂಜಿನಿಯರ್: ಗ್ರಾಮ ಸಡಕ್ ರಸ್ತೆಯಾದರೆ 5 ವರ್ಷದ ನಿರ್ವಹಣೆ ಗುತ್ತಿಗೆದಾರರದೇ. ರಸ್ತೆ ಪಕ್ಕದ ಫಲಕದಲ್ಲಿ ಮುಗಿದ ದಿನಾಂಕ ನೋಡಿ ದೂರು ಬರೆಯಿರಿ. ಇಲ್ಲಿ ಜಗಳ ಆಡಿದರೆ ಗುಂಡಿ ಮುಚ್ಚುವುದಿಲ್ಲ.

ಗದಗ ಸದಸ್ಯ: ಸರ್, ಚೀಲದ ಉಪಾಯ ಅನುಭವದವರೇ ಬರೆದದ್ದು.

ಇಂಜಿನಿಯರ್: ಅವರ ಅನುಭವ ನನಗೆ ಬೇಡ. ಆ ಸೇತುವೆ ಮೇಲೆ ಮಕ್ಕಳಿದ್ದಾರೆ. ಮೇಡಂ, ಗಾಡಿ ನಿಂತಿತಾ?

ಶಿಕ್ಷಕಿ: ನಿಲ್ಲಿಸಿದೆವು ಸರ್. ನಾಳೆಯಿಂದ ಸುತ್ತುದಾರಿ, 4 ಕಿಲೋಮೀಟರ್ ಜಾಸ್ತಿ. ಅರ್ಜಿ ಬರೆಯುತ್ತಿದ್ದೇನೆ.