ಶುಕ್ರವಾರ ಇಂಟರ್‌ವ್ಯೂ: ರೆಸ್ಯೂಮಾ ರೆಜುಮೆನಾ? ಹಕಾರಕ್ಕೆ ಏನು ಮಾಡಲಿ? ಮತ್ತೆ ಈ ಗಡ್ಡ?

ಕೆಲಸಹುಡುಕ:
ನಮಸ್ಕಾರ ಎಲ್ಲರಿಗೂ. ಶುಕ್ರವಾರ ನನ್ನ ಮೊದಲ ಇಂಟರ್‌ವ್ಯೂ. ಗೆಳೆಯರನ್ನು ಕೇಳಿದರೆ ವಾರಗಟ್ಟಲೆ ಆಡಿಕೊಳ್ಳುತ್ತಾರೆ, ಅದಕ್ಕೇ ಇಲ್ಲಿಗೆ ಬಂದೆ. ಒಂದು, ರೆಸ್ಯೂಮ್ ಅನ್ನಬೇಕಾ, ರೆಜುಮೆ ಅನ್ನಬೇಕಾ? ನಾನು ಇಷ್ಟು ದಿನ ರೆಸ್ಯೂಮ್ ಅಂತಲೇ ಹೇಳಿಕೊಂಡು ಬಂದೆ, ಮೊನ್ನೆ ಫೋನಿನಲ್ಲಿ ಮಾತಾಡಿದ ಮೇಡಂ ಬೇರೆ ಥರ ಹೇಳಿದರು. ಎರಡು, ನನಗೆ ಹಕಾರ ಬರುವುದಿಲ್ಲ. ಮನೆಯಲ್ಲಿ ಎಲ್ಲರೂ 'ಆಲು', 'ಅಣ್ಣು' ಅಂತಲೇ ಮಾತಾಡುವುದು. ಸರಿ ಮಾಡಿಕೊಳ್ಳೋಣ ಅಂತ ಕನ್ನಡಿ ಮುಂದೆ ನಿಂತರೆ 'ಹನುಭವ' ಅಂದುಬಿಟ್ಟೆ! ಇಂಟರ್‌ವ್ಯೂ ಬೇರೆ ಕನ್ನಡದಲ್ಲೇ ಅಂತೆ. ಮೂರು, ಗಡ್ಡ ಬಿಡಬೇಕಾ ತೆಗೀಬೇಕಾ? ತೆಗೆದರೆ ಕುತ್ತಿಗೆ ತುಂಬ ಕೆಂಪು ಗುಳ್ಳೆ ಏಳುತ್ತವೆ.

ಅಕ್ಷರಪೀಡೆ:
ರೆಜುಮೆ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದ ಪದ, 'ಚಿಕ್ಕದಾಗಿ ಹೇಳಿದ್ದು' ಅಂತ ಅರ್ಥ. ಫ್ರೆಂಚಿನಲ್ಲಿ ಬರೆಯುವಾಗ ಅದರ ಎರಡೂ 'ಇ' ಅಕ್ಷರಗಳ ಮೇಲೆ ಒಂದು ಗೀಟು ಇರುತ್ತದೆ, ಕೊನೆಯ 'ಎ' ಸದ್ದು ಬರುವುದು ಆ ಗೀಟಿನಿಂದ. ನಾವು ಟೈಪ್ ಮಾಡುವಾಗ ಗೀಟು ಬಿಡುತ್ತೇವೆ, ಆಗ ಅದು 'ನಿಂತದ್ದನ್ನು ಮುಂದುವರಿಸು' ಅನ್ನುವ ರಿಜ್ಯೂಮ್ ಥರವೇ ಕಾಣುತ್ತದೆ. ಗೊಂದಲ ಶುರುವಾಗುವುದೇ ಅಲ್ಲಿ. ರೆಜುಮೆ ಅನ್ನಿ, ರೆಜ್ಯುಮೆ ಅನ್ನಿ, ಎರಡೂ ಸರಿ. ಕನ್ನಡದ ನಡುವೆ ರೆಸ್ಯೂಮ್ ಅಂದರೂ ಯಾರೂ ನಿಮ್ಮನ್ನು ಎಬ್ಬಿಸಿ ಕಳಿಸುವುದಿಲ್ಲ.

ಇನ್ನು ಹಕಾರ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ ಮಾರಾಯ್ರೇ. ಹಳಗನ್ನಡದಲ್ಲಿ ಅದು ಪಾಲ್, ಪಣ್, ಪೂ. ಆಮೇಲೆ ಆ ಪ ಹೋಗಿ ಹ ಆಯಿತು, ಹಾಲು, ಹಣ್ಣು, ಹೂವು ಬಂದವು. ನಿಮ್ಮ ಮನೆಯವರು ಆ ಹ ಅನ್ನೂ ಬಿಟ್ಟು ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದಾರೆ, ಅಷ್ಟೇ. ನಿಜವಾದ ಅಪಾಯ ಇರುವುದು ನಿಮ್ಮ 'ಹನುಭವ'ದಲ್ಲಿ. ತಪ್ಪಬಾರದು ಅಂತ ಹೆದರಿದವರೇ ಎಲ್ಲ ಕಡೆ ಹ ಸುರಿಯುವುದು. 'ಆದರದ ಸ್ವಾಗತ' ಅನ್ನಲು ಹೋಗಿ 'ಹಾದರದ ಸ್ವಾಗತ' ಅಂದವರ ಜೋಕು ಕೇಳಿದ್ದೀರಲ್ವಾ? ಹ ಬಿಟ್ಟರೆ ಯಾರಿಗೂ ಏನೂ ಅನ್ನಿಸುವುದಿಲ್ಲ, ಇಲ್ಲದ ಕಡೆ ಸೇರಿಸಿದರೆ ಜನ ನಗುತ್ತಾರೆ.

ಮೂರು ದಿನದಲ್ಲಿ ಇಡೀ ನಾಲಿಗೆ ತಿದ್ದಲು ಆಗುವುದಿಲ್ಲ. ಅಲ್ಲಿ ಖಂಡಿತ ಬರುವ ಹತ್ತು ಪದ ಹಿಡಿದುಕೊಳ್ಳಿ. ಹುದ್ದೆ, ಹೊಣೆ, ಹಿಂದಿನ ಕೆಲಸ, ಹವ್ಯಾಸ, ಇವಕ್ಕೆ ಹ ಬೇಕು. ಅರ್ಜಿ, ಅನುಭವ, ಆಸಕ್ತಿ, ಅವಕಾಶ, ಇವಕ್ಕೆ ಬೇಡ. 'ಅರ್ಹತೆ' ಮಾತ್ರ ಕಿಲಾಡಿ, ಶುರುವಿಗೆ ಬೇಡ, ನಡುವೆ ಬೇಕು. ಅಂಗೈಯನ್ನು ಬಾಯಿ ಮುಂದೆ ಹಿಡಿದು ಹೇಳಿ ನೋಡಿ. ಹುದ್ದೆ ಅಂದಾಗ ಬಿಸಿ ಗಾಳಿ ತಾಗಬೇಕು, ಅರ್ಜಿ ಅಂದಾಗ ಶುರುವಿನಲ್ಲಿ ಏನೂ ತಾಗಬಾರದು.

ನೀಟುಗಾರ:
ಗಡ್ಡ ಪೂರ್ತಿ ತೆಗೆದು ಹೋಗಿ. ಇಂಟರ್‌ವ್ಯೂ ಅಂದರೆ ಇಂಟರ್‌ವ್ಯೂ.

ಕತ್ತರಿಕೈ:
ಮೇಲಿನವರ ಮಾತು ನಾನು ಒಪ್ಪುವುದಿಲ್ಲ. ಇದೇ ನನ್ನ ಕಸುಬು, ದಿನಾ ಗಡ್ಡ ನೋಡುತ್ತೇನೆ. ಅಂಚು ನೇರವಾಗಿ ಟ್ರಿಮ್ ಮಾಡಿದ ಗಡ್ಡ ಯಾರ ಕಣ್ಣಿಗೂ ಚುಚ್ಚುವುದಿಲ್ಲ, ನಾಲ್ಕು ದಿನದ ಕುರುಚಲು ಚುಚ್ಚುತ್ತದೆ. ತಿಂಗಳುಗಟ್ಟಲೆ ಬಿಟ್ಟ ಗಡ್ಡ ಹಿಂದಿನ ದಿನ ಬೋಳಿಸಿದರೆ ಮೇಲೆ ಒಂದು ಬಣ್ಣ, ಕೆಳಗೆ ಒಂದು ಬಣ್ಣ ಕಾಣುತ್ತದೆ. ಅದು ಬೇಕಾ?

ಗುಳ್ಳೆ ಯಾಕೆ ಏಳುತ್ತದೆ ಅಂದರೆ, ತೀರಾ ಬುಡಕ್ಕೆ ಕತ್ತರಿಸಿದ ಗುಂಗುರು ಕೂದಲಿನ ತುದಿ ಬೆಳೆಯುವಾಗ ಬಾಗಿ ಮತ್ತೆ ಚರ್ಮದೊಳಗೇ ಹೋಗಿ ಚುಚ್ಚುತ್ತದೆ. ಹಾಗಾಗಿ ನೀವು ಕುತ್ತಿಗೆಗೆ ರೇಜರ್ ಮುಟ್ಟಿಸದೆ ಟ್ರಿಮ್ಮರ್ ಹಿಡಿದರೂ ಸಾಕು. ರೇಜರೇ ಬೇಕು ಅಂದರೆ ಸ್ನಾನ ಆದ ಮೇಲೆ ಮಾಡಿ, ಕೂದಲು ಮೆತ್ತಗಾಗಿರುತ್ತದೆ. ಹೊಸ ಬ್ಲೇಡ್ ಹಾಕಿ. ಕುತ್ತಿಗೆಯಲ್ಲಿ ಕೂದಲು ಒಂದೇ ದಿಕ್ಕಿಗೆ ಬೆಳೆಯುವುದಿಲ್ಲ, ಬೆರಳಾಡಿಸಿ ನೋಡಿ ಅದು ಹೋಗುವ ಕಡೆಗೇ ಎಳೆಯಿರಿ, ಎದುರು ಎಳೆಯಬೇಡಿ, ಒಂದೇ ಜಾಗದಲ್ಲಿ ನಾಲ್ಕು ಸಲ ಉಜ್ಜಬೇಡಿ. ಮತ್ತೆ ಇದೆಲ್ಲ ಗುರುವಾರ ರಾತ್ರಿಯೇ ಆಗಲಿ, ಬೆಳಗಿನ ಗಡಿಬಿಡಿಯಲ್ಲಿ ಬೇಡ. ಹೊಸ ಕ್ರೀಮು, ಹೊಸ ಸೆಂಟು ಪ್ರಯೋಗ ಮಾಡುವ ದಿನ ಅದಲ್ಲ. ತಲೆ ಕೂದಲು ಕತ್ತರಿಸುವುದಿದ್ದರೆ ಇವತ್ತೇ ಹೋಗಿ.

ಕೆಂಪುಪೆನ್ನು:
ಅರ್ಜಿ ಓದುವ ಕಡೆ ಕೂತಿರುವವಳು ನಾನು. ನೀವು ಕೇಳದೇ ಇರುವ ಒಂದು ಮಾತು ಹೇಳುತ್ತೇನೆ. ರೆಜುಮೆಯನ್ನು ಹೇಗೆ ಕರೆದರು ಅಂತ ನಾನು ಯಾರಿಗೂ ಅಂಕ ಕಳೆದಿಲ್ಲ. ಆದರೆ 'ಫೈನಲ್ ಹೊಸದು 3' ಅಂತ ಹೆಸರಿಟ್ಟ ಫೈಲ್ ಬಂದರೆ ಆಮೇಲೆ ಹುಡುಕುವುದೇ ಒಂದು ಕೆಲಸ. ಫೈಲಿಗೆ ನಿಮ್ಮ ಹೆಸರು ಇಡಿ, ಪಿಡಿಎಫ್ ಮಾಡಿ. ಹವ್ಯಾಸ ಅಂತ ಬರೆದ ಜಾಗಕ್ಕೆ ಸುಮ್ನೆ 'ಓದುವುದು' ಅಂತ ಹಾಕಿದ್ದರೆ ಕೊನೆಗೆ ಯಾವ ಪುಸ್ತಕ ಓದಿದಿರಿ ಅಂತ ಕೇಳೇ ಕೇಳುತ್ತೇನೆ. ಅರ್ಧ ಜನ ಅಲ್ಲೇ ಸಿಕ್ಕಿಬೀಳುತ್ತಾರೆ.

ಕೆಲಸಹುಡುಕ:
ಎಲ್ಲರಿಗೂ ಥ್ಯಾಂಕ್ಸ್. ಹವ್ಯಾಸದ ಸಾಲು ಈಗಲೇ ತೆಗೆದುಹಾಕಿದೆ, ಯಾಕೆ ಅಂತ ಕೇಳಬೇಡಿ. ಅಂಗೈ ಬಾಯಿ ಮುಂದೆ ಹಿಡಿದು ಹುದ್ದೆ ಹುದ್ದೆ ಅಂತಿದ್ದೆ, ಅಮ್ಮ ಬಂದು 'ಅಲ್ಲು ಉಜ್ಜಿಲ್ವೇನೋ' ಅಂದರು.