ಲಾಜ್ 695 ಬಸ್ಸಿನ ಮಾದರಿ: ಗಾಳಿ ಎಲ್ಲಿಂದ ಎಳೀತಿತ್ತು, ಕಾರ್ಖಾನೆ ಯಾಕೆ ನಿಂತಿತು?

ಉದ್ಯಮಬಾಗ ಫಿಟ್ಟರ್, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಐಟಿಐ ಪ್ರದರ್ಶನಕ್ಕೆ ಸೋವಿಯತ್ ಕಾಲದಲ್ಲಿ ಉಕ್ರೇನಿನ ಲ್ವಿವ್ ಊರಿನ ಲಾಜ್ ಕಾರ್ಖಾನೆ ಮಾಡಿದ ಲಾಜ್ 695 ಬಸ್ಸಿನ ತಗಡಿನ ಮಾದರಿ ತಯಾರಾಗುತ್ತಿದೆ. ಅಳತೆ ಒಂದಕ್ಕೆ ಹತ್ತು. ಎಡಗಡೆ ಬಾಗಿಲು ಸಮೇತ ಪೂರ್ತಿ ಹೊದಿಕೆ. ಬಲಗಡೆ ತೆರೆದಿಟ್ಟು ಒಳಗಿನ ಚೌಕಟ್ಟು, ಎಂಜಿನ್, ಗೇರ್ ರಾಡ್ ಕಾಣಬೇಕು ಅನ್ನೋದು ಯೋಜನೆ. ಎರಡು ಸಂಶಯ ಇವೆ.

ಒಂದು, ಕೆಲವು ಫೋಟೋಗಳಲ್ಲಿ ಹಿಂಬದಿ ಛಾವಣಿಯ ಮೇಲೆ ಡುಬ್ಬದಂಥ ಗಾಳಿಬಾಯಿ ಇದೆ. ಕೆಲವದರಲ್ಲಿ ಡುಬ್ಬವೇ ಇಲ್ಲ, ಮಗ್ಗುಲಲ್ಲಿ ಸೀಳುಗಳಿವೆ. ಯಾವುದು ಸರಿ?

ಎರಡು, ಪಕ್ಕದಲ್ಲೊಂದು ಬೋರ್ಡ್ ಇಡಬೇಕು. 1980ರ ದಶಕದ ಕೊನೆಗೆ ವರ್ಷಕ್ಕೆ 14,000ಕ್ಕೂ ಹೆಚ್ಚು ಬಸ್ ಮಾಡುತ್ತಿದ್ದ ಕಾರ್ಖಾನೆ ಅದು. 'ಸೋವಿಯತ್ ಒಡೆಯಿತು, ಕಾರ್ಖಾನೆ ಮುಚ್ಚಿತು' ಅಂತ ಬರೆದರೆ ಹುಡುಗರು ಒಪ್ಪಲ್ಲ. ಯಾಕಂದರೆ ಅದೇ ಸೋವಿಯತ್ ದೇಶದ ಬೇರೆ ಬಸ್ ಕಾರ್ಖಾನೆಗಳು, ಪಾವ್ಲೊವೊದ ಪಾಜ್, ಲಿಕಿನೊದ ಲಿಯಾಜ್, ಉಳಿದುಕೊಂಡವು. ಲಾಜ್ ಮಾತ್ರ ಯಾಕೆ ಹೋಯಿತು?

ಘಟಪ್ರಭಾ ದಂಡೆ, ಬಾಗಲಕೋಟೆ

ಸರ್, ತಗಡು ಕತ್ತರಿಸುವ ಮೊದಲೇ ಒಂದು ತಿದ್ದುಪಡಿ. ಅಲ್ಲಿ ವಾಹನ ರಸ್ತೆಯ ಬಲಕ್ಕೆ ಓಡುತ್ತದೆ. ಸ್ಟೇರಿಂಗ್ ಎಡಕ್ಕೆ, ಬಾಗಿಲು ಎರಡೂ ಬಲಕ್ಕೆ. ಹಾಗಾಗಿ ಬಲ ಮಗ್ಗುಲು ಮುಚ್ಚಿ, ಎಡ ಮಗ್ಗುಲು ತೆರೆಯಿರಿ. ಹಿಂದಿನ ಚಕ್ರದ ಆಚೆ ಬಾಗಿಲು ಇಡಬೇಡಿ, ಆ ಜಾಗವೆಲ್ಲ ಎಂಜಿನ್‌ನದು.

695ರ ಮುಂದಿನ ರೂಪವಾದ 695ಎನ್ ಬಸ್ಸಿನ ನಿಜ ಉದ್ದ 9190 ಮಿ.ಮೀ., ಅಗಲ 2500, ಮುಂದಿನ ಹಿಂದಿನ ಆಕ್ಸಲ್ ನಡುವಿನ ಅಂತರ 4190. ನಿಮಗೆ 919, 250, 419 ಬರುತ್ತದೆ. ಎತ್ತರ 300ಕ್ಕೆ ತುಸು ಕಡಿಮೆ ಇರಲಿ. ಎಲ್ಲರೂ ಎಡವುವುದು ಆ 419ರಲ್ಲಿ. ನಮ್ಮ ಬಸ್ಸು ನೋಡಿ ರೂಢಿಯಾದ ಕಣ್ಣಿಗೆ ಅದು ಗಿಡ್ಡ ಅನಿಸಿ, ಚಕ್ರಗಳನ್ನು ದೂರ ಸರಿಸಿಬಿಡುತ್ತಾರೆ. ಈ ಬಸ್ಸಿನ ಅರ್ಧಕ್ಕಿಂತ ಹೆಚ್ಚು ಉದ್ದ ಚಕ್ರಗಳಿಂದ ಆಚೆ ಚಾಚಿಕೊಂಡಿದೆ. ಅದು ತಪ್ಪಿದರೆ ಲಾಜ್ ಲಾಜ್ ಆಗಿ ಕಾಣುವುದಿಲ್ಲ.

ಚಾಸಿ ಬೇರೆ, ಬಾಡಿ ಬೇರೆ ಅಲ್ಲ ಎಂಬುದು ತೆರೆದ ಮಗ್ಗುಲಲ್ಲಿ ಎದ್ದು ಕಾಣಬೇಕು. ಕೆಳಗೆ ಚೌಕ ಪೈಪುಗಳನ್ನು ಬೆಸೆದ ಜಾಲರಿ, ಅದರ ಮೇಲೆ ಕಮಾನಿನಂತೆ ಏಳುವ ಪಕ್ಕೆಲುಬುಗಳು. ಭಾರವನ್ನು ಇಡೀ ಗೂಡೇ ಹೊರುತ್ತದೆ. ಮಾದರಿಗೆ 4 ಮಿ.ಮೀ. ಚೌಕ ಹಿತ್ತಾಳೆ ಸರಳು ಸಾಕು. ಒಂದು ತುದಿಯಿಂದ ಬೆಸೆಯುತ್ತ ಹೋದರೆ ಕಾವಿಗೆ ಇಡೀ ಜಾಲರಿ ಬಿಲ್ಲಿನಂತೆ ಬಾಗುತ್ತದೆ. ದಪ್ಪ ಹಲಗೆಗೆ ಬಿಗಿದು, ಮೊದಲು ಮೂಲೆಯಿಂದ ಎದುರು ಮೂಲೆಗೆ ಟ್ಯಾಕ್ (ಚುಕ್ಕೆ ಬೆಸುಗೆ) ಹಾಕಿ, ಕರ್ಣಗಳನ್ನು ಅಳೆದು ನೋಡಿ ಆಮೇಲೆ ಪೂರ್ತಿ ಬೆಸೆಯಿರಿ. ಎರಡು ಕರ್ಣಗಳ ನಡುವೆ 1 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮುಂದೆ ಕಿಟಕಿ ಚೌಕಟ್ಟು ಕೂರುವುದಿಲ್ಲ.

ಗುಮ್ಮಟದ ಓಣಿ, ವಿಜಯಪುರ

ಗಾಳಿ ವಿಷಯ ನಾ ಹೇಳ್ತೀನ್ರಿ. ಎರಡೂ ಸರಿ ಐತಿ, ವರ್ಷ ಬ್ಯಾರೆ. 1956ರಾಗ ಬಂದ ಮೊದಲನೇ 695ಕ್ಕ ಡುಬ್ಬ ಇತ್ತು. 1969ರ 695ಎಂ ಮಾದರಿಗೆ ಅದನ್ನ ತಗದು, ಹಿಂದಿನ ಮಗ್ಗಲಿಗೆ ಮೀನಿನ ಕಿವಿಯಂಗ ಸೀಳು ಕೊಟ್ರು. ಆಮ್ಯಾಲ ಬಂದ 695ಎನ್‌ಗೂ ಸೀಳಽ. ಈ ಎನ್ 2002ರ ತನಕ ಲ್ವಿವ್‌ನಾಗ ತಯಾರಾತು. ಹಂಗಾಗಿ ಒಂದಽ ಮಾದರಿಗೆ ಡುಬ್ಬ, ಸೀಳು ಎರಡೂ ಹಚ್ಚಬ್ಯಾಡ್ರಿ.

ಡುಬ್ಬ ಯಾಕಂದ್ರ, ಎಂಜಿನ್ ಮುಂದಿದ್ರ ಓಡೂ ಗಾಳಿ ತಾನಽ ರೇಡಿಯೇಟರ್‌ಗೆ ಬಡಿತೈತಿ. ಹಿಂದಿದ್ರ ಆ ಗಾಳಿ ಸಿಗೂದಿಲ್ಲ. ಅದರ ಮ್ಯಾಲ ಬಸ್ಸಿನ ಬೆನ್ನಿಗೆ ಗಾಳಿ ಸುಳಿ ಎದ್ದು ಚಕ್ರದ ಧೂಳೆಲ್ಲಾ ಅಲ್ಲೇ ತಿರಗ್ತೈತಿ. ಕೆಳಗಿನಿಂದ ಗಾಳಿ ಎಳದ್ರ ಧೂಳಽ ಎಳದಂಗ. ಅದಕ್ಕ ಬಾಯಿ ಛಾವಣಿಗೆ ಒಯ್ದಿದ್ರು. ಇಷ್ಟಾದ್ರೂ ಬ್ಯಾಸಿಗ್ಯಾಗ ಎಂಜಿನ್ ಕಾಯೂದು ಪೂರಾ ತಪ್ಪಲಿಲ್ಲ. ಎಣ್ಣಿ ಜಿನುಗು, ಧೂಳು ಕೂಡಿ ರೇಡಿಯೇಟರ್ ರೆಕ್ಕಿಗೆ ಕೆಸರಿನಂಗ ಮೆತ್ತತಾವು. ಅದನ್ನ ಗಾಳಿ ಬರೂ ದಿಕ್ಕಿನಿಂದ ಊದಿದ್ರ ಇನ್ನೂ ಒಳಗ ಹೋಗಿ ಕೂಡ್ತೈತಿ, ಎದುರು ದಿಕ್ಕಿನಿಂದ ಊದಬೇಕು. ಅದರಾಗ ಇದು ಪೆಟ್ರೋಲ್ ಎಂಜಿನ್. ಬಿಸಿ ಗೂಡಿನಾಗ ಪೆಟ್ರೋಲ್ ಪಂಪಿನಾಗಽ ಆವಿಯಾತು ಅಂದ್ರ ನಿಲ್ಲಿಸಿದ ಗಾಡಿ ಮತ್ತ ಚಾಲೂ ಆಗೂದಿಲ್ಲ. ಪಂಪಿಗೆ ಹಸಿ ಬಟ್ಟಿ ಸುತ್ತಿ ಆರೂ ತನಕ ಕಾಯಬೇಕು.

ಗೇರ್ ಲಿಂಕ್ ತೋರಿಸ್ತೀವಿ ಅಂದ್ರಿ, ಭಾಳ ಚಲೋ ವಿಚಾರ. ಡ್ರೈವರ್ ಮುಂದ, ಗೇರ್‌ಬಾಕ್ಸ್ ಹಿಂದ, ನಡುವ ಉದ್ದಾನುದ್ದ ರಾಡು. ಒಂದೊಂದು ಜಾಯಿಂಟಿನಾಗ ಒಂದೊಂದು ಮಿ.ಮೀ. ಸವದ್ರೂ ಕೈಯಾಗಿನ ಲಿವರ್ ಗೇಣುದ್ದ ಅಲ್ಲಾಡ್ತೈತಿ. ಎರಡನೇ ಗೇರ್ ಹುಡುಕೂದ್ರಾಗ ನಾಲ್ಕನೇದು ಬೀಳ್ತೈತಿ. ರಾಡ್ ಅಳತಿ ಸರಿಮಾಡಿದ್ರ ಸಾಲೂದಿಲ್ಲ, ಮೊದಲ ಬುಶ್ ಬದಲಿಸಬೇಕು. ಮಾದರ್‍ಯಾಗ ರಾಡಿಗೆ ಕೆಂಪು ಬಣ್ಣ ಕೊಡ್ರಿ, ಹುಡುಗೂರ ಕಣ್ಣಿಗೆ ಬೀಳಲಿ.

ಕೋಟೆಕೆರೆ, ಬೆಳಗಾವಿ

ಎರಡನೇ ಪ್ರಶ್ನೆಗೆ ಬರೋಣ. ಬೋರ್ಡಿನಲ್ಲಿ ಏರಿದ್ದನ್ನು ಹೇಳದೆ ಇಳಿದದ್ದು ಅರ್ಥವಾಗುವುದಿಲ್ಲ. 1945ರ ಮೇ ತಿಂಗಳಲ್ಲಿ, ಯುದ್ಧ ಮುಗಿಯುತ್ತಿದ್ದ ಹಾಗೆ, ಪಶ್ಚಿಮ ಉಕ್ರೇನಿನ ಲ್ವಿವ್‌ನಲ್ಲಿ ಲಾಜ್ ಶುರುವಾದಾಗ ಬಸ್ ಸುದ್ದಿಯೇ ಇರಲಿಲ್ಲ. ಟ್ರೇಲರ್, ಲಾರಿ ಮೇಲಿನ ಕ್ರೇನ್ ಮಾಡುತ್ತಿದ್ದರು. ಹತ್ತು ವರ್ಷದಲ್ಲಿ ಅದೇ ಜಾಗದಿಂದ ಎಂಜಿನ್ ಹಿಂದಿರುವ, ಬಾಡಿಯೇ ಭಾರ ಹೊರುವ ಬಸ್ ಹೊರಬಂತು. ಪಾಟಾ (ಪಟ್ಟಿ ಸ್ಪ್ರಿಂಗ್) ಜೊತೆ ಸುರುಳಿ ಸ್ಪ್ರಿಂಗನ್ನೂ ಸೇರಿಸಿದ್ದರಿಂದ ಖಾಲಿಯಿದ್ದಾಗ ಕುಲುಕಾಟ ಕಡಿಮೆ, ತುಂಬಿದಾಗ ಕುಸಿತ ಕಡಿಮೆ. ಅಷ್ಟು ಹೊತ್ತಿಗೆ ಅದು ನಿಜಕ್ಕೂ ದೊಡ್ಡ ಕೆಲಸ.

ಆದರೆ ಎಂಜಿನ್ ಲಾಜ್‌ನದಲ್ಲ. ಮಾಸ್ಕೋದ ಜಿಲ್ ಲಾರಿ ಕಾರ್ಖಾನೆಯದು. ಮೊದಲು 109 ಅಶ್ವಶಕ್ತಿಯ ಆರು ಸಿಲಿಂಡರ್, ಆಮೇಲೆ ಜಿಲ್ 130ರ 6 ಲೀಟರಿನ ವಿ8, 150 ಅಶ್ವಶಕ್ತಿ. ಹಿಂದಿನ ಆಕ್ಸಲ್ ಹಂಗೇರಿಯ ರಾಬಾದಿಂದ ಬರುತ್ತಿತ್ತು. ಯೋಜನಾ ಮಂಡಳಿ ಕಾಗದ ಬರೆದರೆ ಸಾಮಾನು ಬರುತ್ತಿದ್ದ ಕಾಲದಲ್ಲಿ ಇದು ತೊಡಕಲ್ಲ. 1991ರ ನಂತರ ಎಂಜಿನ್ ಒಂದು ದೇಶದಿಂದ, ಆಕ್ಸಲ್ ಇನ್ನೊಂದು ದೇಶದಿಂದ, ಎರಡಕ್ಕೂ ರೊಕ್ಕ ಕೊಟ್ಟೇ ತರಬೇಕಾಯಿತು. ಡೀಸೆಲ್‌ಗೆ ತಿರುಗುವ ಪ್ರಯತ್ನ 1970ರ ದಶಕದ ಕೊನೆಯಲ್ಲೇ ಆಗಿತ್ತು, 4202 ಎಂಬ ಮಾದರಿಯಲ್ಲಿ. ಅದಕ್ಕೂ ಹೊರಗಿನ ಎಂಜಿನ್, ರಷ್ಯಾದ ಲಾರಿ ಕಾರ್ಖಾನೆ ಕಾಮಾಜ್‌ನದು. 1993ರ ಏಪ್ರಿಲ್‌ನಲ್ಲಿ ಕಾಮಾಜ್ ಎಂಜಿನ್ ಕಾರ್ಖಾನೆಯೇ ಬೆಂಕಿಗೆ ಆಹುತಿಯಾಯಿತು.

ನನ್ನ ಅಭಿಪ್ರಾಯದಲ್ಲಿ ಬೋರ್ಡಿನಲ್ಲಿ ಬರೆಯಬೇಕಾದದ್ದು ಇದು. ನಮ್ಮಲ್ಲಿ ಹುಬ್ಬಳ್ಳಿಯ ಸಾರಿಗೆ ವರ್ಕ್‌ಶಾಪ್ ಟಾಟಾ ಇಲ್ಲದಿದ್ದರೆ ಲೇಲ್ಯಾಂಡ್ ಚಾಸಿ ತಂದು ಅದರ ಮೇಲೆ ಬಾಡಿ ಕಟ್ಟಬಹುದು. ಲಾಜ್‌ಗೆ ಹಾಗೆ ಆಗುತ್ತಿರಲಿಲ್ಲ. ಎಂಜಿನ್ ಬದಲಾದರೆ ಅದು ಕೂರುವ ಜಾಲರಿ, ಗಾಳಿದಾರಿ, ಹಿಂಬದಿಯ ತೂಕದ ಲೆಕ್ಕ ಎಲ್ಲ ಬದಲಾಗಬೇಕು, ಅಂದರೆ ಬಸ್ಸೇ ಬದಲಾಗಬೇಕು.

ಘಟಪ್ರಭಾ ದಂಡೆ, ಬಾಗಲಕೋಟೆ

ಕೋಟೆಕೆರೆಯವರ ಕೊನೆಯ ಮಾತು ಪೂರ್ತಿ ಒಪ್ಪಲಾರೆ. ಹಂಗೇರಿಯ ಇಕಾರಸ್, ಜರ್ಮನಿಯ ನಿಯೋಪ್ಲಾನ್ ಕೂಡ ಬಾಡಿಯೇ ಭಾರ ಹೊರುವ ಬಸ್ ಮಾಡಿ, ಬೇರೆಬೇರೆ ಎಂಜಿನ್ ಕೂರಿಸಿದವರೇ. ವಿನ್ಯಾಸ ಬದಲಿಸಲು ಬಂಡವಾಳ ಬೇಕು. ಲಾಜ್‌ನಲ್ಲಿ ಇಲ್ಲದಿದ್ದದ್ದು ಅದು, ಯಾಕಂದರೆ ಕೊಳ್ಳುವವರೇ ಹೋಗಿದ್ದರು. ಅದರ ಬಸ್ಸುಗಳು ಇಡೀ ಸೋವಿಯತ್ ಒಕ್ಕೂಟಕ್ಕೆ ಹೋಗುತ್ತಿದ್ದವು. ಗಡಿ ಬಿದ್ದ ಮೇಲೆ ದೊಡ್ಡ ಮಾರುಕಟ್ಟೆ ರಷ್ಯಾದ ಕಡೆ ಉಳಿಯಿತು. ಪಾಜ್, ಲಿಯಾಜ್ ಇದ್ದದ್ದು ಆ ಕಡೆಗೆ. ಲಿಕಿನೊ ಕೂಡ 90ರ ದಶಕದಲ್ಲಿ ಮುಗ್ಗರಿಸಿತು, ಆದರೆ ಅದನ್ನೂ ಪಾಜನ್ನೂ ಮುಂದೆ ರಷ್ಯಾದ ವಾಹನ ಕಂಪನಿ ಗಾಜ್ ಗುಂಪು ಒಳಗೆ ಸೇರಿಸಿಕೊಂಡಿತು. ಲಾಜ್‌ಗೆ ಅಂಥ ಮನೆ ಸಿಗಲಿಲ್ಲ.

ಇಂಧನದ ಲೆಕ್ಕವನ್ನೂ ಹಾಕಿ. 695ಎನ್ 100 ಕಿ.ಮೀ.ಗೆ 40 ಲೀಟರ್ ಆಸುಪಾಸು ಪೆಟ್ರೋಲ್ ಕುಡಿಯುತ್ತಿತ್ತು, ಲೀಟರಿಗೆ ಎರಡೂವರೆ ಕಿ.ಮೀ. ನಮ್ಮ ಸಾರಿಗೆ ಡೀಸೆಲ್ ಬಸ್ಸು 5 ಕಿ.ಮೀ. ಆಸುಪಾಸು ಕೊಡುತ್ತದೆ. ಪೆಟ್ರೋಲ್ ಅಗ್ಗವಿದ್ದಾಗ ಯಾರೂ ಕೇಳಲಿಲ್ಲ. ಖಾಸಗಿ ಮಾಲೀಕರು ಬಂದ ಮೇಲೆ ಮೊದಲ ಪ್ರಶ್ನೆಯೇ ಅದಾಯಿತು.

ಅವರು ಕೊಂಡದ್ದು ಏನು ಗೊತ್ತೇ? ಇಸುಜು ಎಂಜಿನ್ನಿನ ಬೊಗ್ದಾನ್, ಮತ್ತೆ ಎತಲಾನ್. ಈ ಎತಲಾನ್ ಬಸ್ಸನ್ನು 2000ದ ದಶಕದ ಮೊದಲಿನಿಂದ ಉಕ್ರೇನಿನ ಬೊರಿಸ್ಪಿಲ್‌ನಲ್ಲಿ ಕಟ್ಟಿದ್ದು ನಮ್ಮ ಟಾಟಾ ಎಲ್‌ಪಿ 613 ಚಾಸಿಯ ಮೇಲೆ! ಧಾರವಾಡದಲ್ಲಿ ಟಾಟಾ ಬಸ್ಸು ತಯಾರಾಗುವುದನ್ನು ಬಲ್ಲ ಹುಡುಗರಿಗೆ ಇದನ್ನು ಹೇಳಲೇಬೇಕು.

2001ರಲ್ಲಿ ಲಾಜ್ ಖಾಸಗಿಯಾಯಿತು. ತಗ್ಗು ನೆಲದ ಸಿಟಿಲಾಜ್, ವಿದ್ಯುತ್ ತಂತಿಯ ಎಲೆಕ್ಟ್ರೊಲಾಜ್ ಬಂದವು. 2012ರ ಯುರೋ ಫುಟ್‌ಬಾಲ್‌ಗಾಗಿ ಉಕ್ರೇನಿನ ನಗರಗಳು ಕೊಂಡವು. ಅದು ಮುಗಿದ ಮೇಲೆ ಬೇಡಿಕೆ ನಿಂತಿತು, ಎರಡು ಮೂರು ವರ್ಷದೊಳಗೆ ಕಾರ್ಖಾನೆಯೂ ನಿಂತಿತು.

ಉದ್ಯಮಬಾಗ ಫಿಟ್ಟರ್, ಬೆಳಗಾವಿ

ತುಂಬ ಉಪಕಾರ. ಬಾಗಿಲು ಬಲಕ್ಕೆ ಬಂತು, ಮಾದರಿ 695ಎನ್, ಮಗ್ಗುಲಲ್ಲಿ ಸೀಳು. ಬೋರ್ಡಿನಲ್ಲಿ ಇಬ್ಬರ ವಾದವನ್ನೂ ಅಕ್ಕಪಕ್ಕ ಇಡ್ತೀವಿ. ಇನ್ನೊಂದು ಮಾತು: ಜಾಲರಿಯಲ್ಲಿ ತುಕ್ಕು ಎಲ್ಲಿ ಹಿಡಿಯುತ್ತಿತ್ತು ಅಂತ ತೋರಿಸಬಹುದೇ?

ಗುಮ್ಮಟದ ಓಣಿ, ವಿಜಯಪುರ

ತೋರಿಸ್ರಿ, ಅದಽ ಮುಖ್ಯ. ಅಲ್ಲಿ ಚಳಿಗಾಲಕ್ಕ ರಸ್ತೆಗೆ ಉಪ್ಪು ಹಾಕ್ತಾರ. ಉಪ್ಪುನೀರು ಪೈಪಿನ ಒಳಗ ಹೊಕ್ಕು ಒಳಗಿನಿಂದ ತಿಂತೈತಿ, ಹೊರಗಿನ ಬಣ್ಣ ಚಲೋನಽ ಇರ್ತೈತಿ. ಪಾಟಾ ಬ್ರಾಕೆಟ್ ಬೆಸದ ಜಾಗ, ಚಕ್ರದ ಕಮಾನು, ಬಾಗಿಲ ಮೆಟ್ಟಿಲ ಕೆಳಗ, ಈ ಮೂರು ಕಡೆ ಕಂದು ಬಣ್ಣ ಹಚ್ಚ್ರಿ. ಬ್ರಾಕೆಟ್ ಹತ್ರ ಪೈಪ್ ಸೋತ್ರ ಗೂಡು ಕುಸದು ಬಾಗಲಾ ಹಿಡ್ಕೋತಾವು. ಬಾಗಲಾ ಹಿಡೀತು ಅಂತ ಬಿಜಾಗರಿ ತಿಕ್ಕಬಾರದು, ಕೆಳಗ ಬಡದು ಸಪ್ಪಳ ಕೇಳಬೇಕು. ಕೊಳತ ಪೈಪ್ ಗಟ್ಟಿ ಲೋಹದ ತನಕ ಕೊಯ್ದು, ಒಳಗೊಂದು ಸಣ್ಣ ಚೌಕ ಪೈಪ್ ತೂರಿಸಿ, ಬಾಡಿಗೆ ಜಾಕ್ ಕೊಟ್ಟು ಮಟ್ಟ ಮಾಡಿದ ಮ್ಯಾಲನಽ ಹೊಸದನ್ನ ಬೆಸೀಬೇಕು. ಕುಸದಂಗಽ ಬೆಸದ್ರ ಬಾಗಲಾ ಹಿಡಿಯೂದು ಕಾಯಂ.