ಮ್ಯಾಕ್ ವಿಳಾಸ ಬರೆದರೂ ಎಂಟ್ರಪಿ ಏರುತ್ತಿಲ್ಲ, ಎಸ್‌ಎಸ್‌ಎಚ್ ಕೀ ಹತ್ತಿರ ಬೂಟ್ ನಿಲ್ಲುತ್ತಿದೆ

ಬರಿಬೋರ್ಡ್:
ತಲೆ ಕೆಟ್ಟುಹೋಗಿದೆ. ಲಿನಕ್ಸ್ ಓಡುವ ಸಣ್ಣ ಕಂಪ್ಯೂಟರ್ ಬೋರ್ಡ್ ಮೊದಲ ಸಲ ಬೂಟ್ ಆಗುವಾಗ ಎಸ್‌ಎಸ್‌ಎಚ್ (ದೂರದಿಂದ ಸುರಕ್ಷಿತವಾಗಿ ಲಾಗಿನ್ ಆಗುವ ವ್ಯವಸ್ಥೆ) ಗುಟ್ಟಿನ ಕೀ ಮಾಡುವ ಹಂತಕ್ಕೆ ಬಂದು ನಿಂತುಬಿಡುತ್ತದೆ. ಮ್ಯಾಕ್ ವಿಳಾಸ (ನೆಟ್‌ವರ್ಕ್ ಭಾಗದ ಗುರುತು ಸಂಖ್ಯೆ), ಸೀರಿಯಲ್ ನಂಬರ್, ಚಿಪ್ ಐಡಿ ಮೂರನ್ನೂ ಹ್ಯಾಶ್ ಮಾಡಿ (ಕಲಸಿ ನಿಗದಿತ ಉದ್ದದ ಸಂಖ್ಯೆಯಾಗಿಸಿ) ಯುರ್ಯಾಂಡಮ್‌ಗೆ, ಅಂದರೆ ಲಿನಕ್ಸ್ ರ್ಯಾಂಡಮ್ ಸಂಖ್ಯೆ ಕೊಡುವ ಫೈಲ್‌ಗೆ, ಬರೆಯುತ್ತಿದ್ದೇನೆ. ಎಂಟ್ರಪಿ (ಊಹಿಸಲಾಗದ ಬಿಟ್‌ಗಳು ಎಷ್ಟಿವೆ ಎಂಬ) ಲೆಕ್ಕ ಒಂದು ಬಿಟ್ ಕೂಡ ಏರುವುದಿಲ್ಲ. ಪ್ರತಿ ಬೋರ್ಡಿಗೂ ಬೇರೆ ನಂಬರ್ ಇದೆಯಲ್ಲ, ಇನ್ನೇನು ಬೇಕು?

ಶೂನ್ಯಒಂದು:
ಲಿನಕ್ಸ್‌ನ ತಿರುಳು, ಅಂದರೆ ಕರ್ನಲ್, ಯಾವ ಆವೃತ್ತಿ? ಯಾವ ಚಿಪ್?

ತಂತಿಜಾಲ:
ಎಸ್‌ಡಿ ಕಾರ್ಡ್ ನೋಡಿ ಮೊದಲು. ಕಾರ್ಡ್ ನಿಧಾನ ಇದ್ದರೆ ಹೀಗೇ ನಿಲ್ಲುತ್ತದೆ.

ಬರಿಬೋರ್ಡ್:
ಕಾರ್ಡ್ ಬದಲಿಸಿ ನೋಡಿದೆ ಸರ್, ಅದೇ ಕಥೆ. ಕೀಬೋರ್ಡ್ ಚುಚ್ಚಿ ಸುಮ್ನೆ ಒಂದಷ್ಟು ಕೀ ಒತ್ತಿದರೆ ಮಾತ್ರ ಮುಂದೆ ಹೋಗುತ್ತದೆ.

ತಂತಿಜಾಲ:
ಆದರೂ ಓದುವ ವೇಗ ಅಳೆದು ಇಲ್ಲಿ ಹಾಕಿ. ನನಗೆ ಕಾರ್ಡ್ ಮೇಲೇ ಅನುಮಾನ.

ಗಡಿಬಿಡಿ:
ಯುರ್ಯಾಂಡಮ್‌ಗೆ ಬರೆದರೆ ಬೆರೆಯುತ್ತದೆ ಅಷ್ಟೇ, ಲೆಕ್ಕಕ್ಕೆ ಸೇರುವುದಿಲ್ಲ. ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ ಐಯಾಕ್ಟಲ್ (ಕರ್ನಲ್‌ಗೆ ನೇರ ಆದೇಶ ಕೊಡುವ ಕರೆ) ಮೂಲಕ ಕೊಡಿ, ಎಷ್ಟು ಬಿಟ್ ಅಂತ ನೀವೇ ಹೇಳಬಹುದು. 256 ಹಾಕಿ, ಕೆಲಸ ಮುಗೀತು.

ನಿಧಾನಿ:
ದಯವಿಟ್ಟು ಹಾಗೆ ಮಾಡಬೇಡಿ. ಬೇರೆ ಬೇರೆ ಇರುವುದು ಬೇರೆ, ಊಹಿಸಲು ಆಗದಿರುವುದು ಬೇರೆ. ಮ್ಯಾಕ್ 48 ಬಿಟ್, ಅದರಲ್ಲಿ ಮೊದಲ 24 ತಯಾರಕರ ಗುರುತು. ಉಳಿದದ್ದಕ್ಕೆ 1,67,77,216 ಸಾಧ್ಯತೆ. ಮಾಮೂಲಿ ಲ್ಯಾಪ್‌ಟಾಪ್ ಕೂಡ ಅಷ್ಟನ್ನೂ ಬೇಗ ಹ್ಯಾಶ್ ಮಾಡಿ ಮುಗಿಸುತ್ತದೆ. ಸೀರಿಯಲ್ ನಂಬರ್ ಎಷ್ಟೋ ಸಲ ಸಾಲಾಗಿ ಇರುತ್ತದೆ. ಹ್ಯಾಶ್ ಮಾಡಿದರೆ ಉದ್ದ ಆಗುತ್ತದೆ, ಗುಟ್ಟು ಆಗುವುದಿಲ್ಲ.

ಕರ್ನಲ್ 2012ರಿಂದಲೇ ಮ್ಯಾಕ್ ಬೆರೆಸುತ್ತಿದೆ, ಲೆಕ್ಕ ಮಾತ್ರ ಸೊನ್ನೆ. ಒಂದೇ ಇಮೇಜ್ ಹಾಕಿದ ಎರಡು ಬೋರ್ಡ್ ಒಂದೇ ಸ್ಥಿತಿಯಿಂದ ಶುರುವಾಗಬಾರದು ಅಂತ ಅದು. 2008ರ ಡೆಬಿಯನ್ (ಒಂದು ಲಿನಕ್ಸ್) ಓಪನ್‌ಎಸ್‌ಎಸ್‌ಎಲ್ (ಕೀ ತಯಾರಿಸುವ ಸಾಫ್ಟ್‌ವೇರ್) ತೊಂದರೆ ನೆನಪಿದೆಯಾ? ಕೀ ಮಾಡುವಾಗ ಬದಲಾಗುತ್ತಿದ್ದದ್ದು ಪ್ರೋಸೆಸ್ ಐಡಿ (ಓಡುವ ಪ್ರೋಗ್ರಾಮಿನ ನಂಬರ್) ಒಂದೇ. ಒಂದೊಂದು ಬಗೆಯ ಕೀಗೆ ಸುಮಾರು 32 ಸಾವಿರ ಸಾಧ್ಯತೆ, ಅಷ್ಟೇ.

ಗಡಿಬಿಡಿ:
ಮ್ಯಾಕ್ ಲೋಕಲ್ ನೆಟ್‌ವರ್ಕ್ ದಾಟಿ ಹೋಗುವುದಿಲ್ಲ. ಹೊರಗಿನವರಿಗೆ ಹೇಗೆ ಗೊತ್ತಾಗುತ್ತದೆ?

ಶೂನ್ಯಒಂದು:
ಪೆಟ್ಟಿಗೆ ಮೇಲಿನ ಸ್ಟಿಕ್ಕರ್‌ನಲ್ಲೇ ಇರುತ್ತದೆ. ಹಳೇ ಐಪಿವಿ6 ವಿಳಾಸದ ಒಳಗೂ ಇರುತ್ತಿತ್ತು.

ಗಡಿಬಿಡಿ:
ಈಗ ಎಲ್ಲಿ ಹಾಗೆ ಬಳಸುತ್ತಾರೆ?

ಶೂನ್ಯಒಂದು:
ಇಂಥ ಬೋರ್ಡ್‌ಗಳಲ್ಲೇ ಬಳಸುತ್ತಾರೆ.

ಗುಯ್‌ಗುಡುವಿಕೆ:
ರ್ಯಾಂಡಮ್ ಬಿಟ್‌ಗೆ ನಾನು ಟ್ರಾನ್ಸಿಸ್ಟರ್‌ನ ಬೇಸ್-ಎಮಿಟರ್‌ಗೆ ಉಲ್ಟಾ 12 ವೋಲ್ಟ್ ಕೊಟ್ಟು, ಬರುವ ನಾಯ್ಸ್ ಹಿಗ್ಗಿಸಿ ಕಂಪ್ಯಾರೇಟರ್‌ಗೆ ಹಾಕಿದ್ದೇನೆ. ಆಸಿಲೋಸ್ಕೋಪ್‌ನಲ್ಲಿ ನೋಡಲು ಎಷ್ಟು ಚೆಂದ! ಪವರ್ ಸಪ್ಲೈ ಹಮ್ ನುಗ್ಗದಂತೆ ತಾಮ್ರದ ಡಬ್ಬಿ ಬೇರೆ. ಫೋಟೋ ಬೇಕಾ?

ತಂತಿಜಾಲ:
ಹಾಕಿ ಹಾಕಿ. ಕಾರ್ಡ್ ವೇಗ ಇನ್ನೂ ಬಂದಿಲ್ಲ.

ಬರಿಬೋರ್ಡ್:
ಕರ್ನಲ್ 4.19. ಆರ್‌ಟಿಸಿ (ಸಮಯ ಇಟ್ಟುಕೊಳ್ಳುವ ಗಡಿಯಾರ ಚಿಪ್) ಇಲ್ಲ, ಹಾರ್ಡ್ ಡಿಸ್ಕ್ ಇಲ್ಲ. ನೆಟ್‌ವರ್ಕ್ ಆಮೇಲೆ ಏಳುತ್ತದೆ.

ನಿಧಾನಿ:
ಇಷ್ಟು ಮೊದಲೇ ಗೊತ್ತಾಗಿದ್ದರೆ ಬೇಗ ಮುಗೀತಿತ್ತು. 5.4ರಿಂದ ಕರ್ನಲ್ ಸಿಪಿಯು ಟೈಮಿಂಗ್‌ನ ಏರುಪೇರಿನಿಂದ ತಾನೇ ಎಂಟ್ರಪಿ ಹುಟ್ಟಿಸಿಕೊಳ್ಳಲು ನೋಡುತ್ತದೆ. 4.19ರಲ್ಲಿ ಅದಿಲ್ಲ, ಸುಮ್ಮನೆ ಕಾಯುತ್ತದೆ. ಚಿಪ್‌ನಲ್ಲಿ ಹಾರ್ಡ್‌ವೇರ್ ಆರ್‌ಎನ್‌ಜಿ (ರ್ಯಾಂಡಮ್ ಸಂಖ್ಯೆ ಹುಟ್ಟಿಸುವ ಭಾಗ) ಇದೆಯಾ ನೋಡಿ. ಇದ್ದರೆ ಡ್ರೈವರ್ ಹಾಕಿ, ಅದರ ಬಿಟ್‌ಗಳನ್ನು ಕರ್ನಲ್‌ಗೆ ಕೊಡುವ ಆರ್‌ಎನ್‌ಜಿಡಿ ಪ್ರೋಗ್ರಾಂ ಓಡಿಸಿ.

ಬರಿಬೋರ್ಡ್:
ಇತ್ತು! ಡಿವೈಸ್ ಟ್ರೀಯಲ್ಲಿ (ಬೋರ್ಡಿನ ಹಾರ್ಡ್‌ವೇರ್ ಪಟ್ಟಿ) ಡಿಸೇಬಲ್ಡ್ ಅಂತ ಇತ್ತು. ಬದಲಿಸಿ ಆರ್‌ಎನ್‌ಜಿಡಿ ಹಾಕಿದೆ. ಡಿಮೆಸೇಜ್‌ನಲ್ಲಿ (ಕರ್ನಲ್ ಸಂದೇಶಗಳ ಪಟ್ಟಿ) ಸಿಆರ್‌ಎನ್‌ಜಿ ಇನಿಟ್ ಆದ, ಅಂದರೆ ರ್ಯಾಂಡಮ್ ಸಂಖ್ಯೆ ಕೊಡಲು ಕರ್ನಲ್ ಸಿದ್ಧವಾದ, ಸಾಲು ತಕ್ಷಣ ಬಂತು. ಈ ಬೋರ್ಡಿನ ಇಮೇಜ್ ತೆಗೆದು ಉಳಿದ ಬೋರ್ಡ್‌ಗಳಿಗೂ ಹಾಕಬಹುದಾ?

ನಿಧಾನಿ:
ಇಮೇಜ್ ತೆಗೆಯುವ ಮೊದಲು ಎಸ್‌ಎಸ್‌ಎಚ್ ಹೋಸ್ಟ್ ಕೀ, ಉಳಿಸಿಟ್ಟ ರ್ಯಾಂಡಮ್ ಸೀಡ್ (ರ್ಯಾಂಡಮ್ ಸಂಖ್ಯೆ ಶುರುಮಾಡುವ ಬೀಜ) ಫೈಲ್ ಎರಡೂ ಅಳಿಸಿ. ಇಲ್ಲದಿದ್ದರೆ ಎಲ್ಲಾ ಬೋರ್ಡಿಗೂ ಒಂದೇ ಕೀ ಹೋಗುತ್ತದೆ.

ಹೊಸಬ_32:
ನನ್ನ ಎಸ್‌ಟಿಎಂ32 ಮೈಕ್ರೋಕಂಟ್ರೋಲರ್ ಚಿಪ್‌ನಲ್ಲಿ 96 ಬಿಟ್ ಯುನೀಕ್ ಐಡಿ ಇದೆ. ಅದನ್ನೇ ಸೀಡ್ ಮಾಡಬಹುದಾ?